ಸ್ಟೆಪ್ನಿ ಪೂಜೆಗೆ ಕುಂತ ದಿನ

ಮೊದಲೇ ಹೇಳಿಬಿಡುತ್ತೇನೆ, ಕಾರಿನ ಗಾಲಿ ಬದಲಿಸುವುದರಲ್ಲಿ ಬೆಳಗಾವಿಯ ಇಡೀ ಶಹಾಪುರದಲ್ಲಿ ನನ್ನನ್ನು ಮೀರಿಸುವ ಹುಡುಗ ಇರಲಿಲ್ಲ. ಶಹಾಪುರದಲ್ಲಿ ಕಾರು ಇದ್ದ ಮನೆಗಳೇ ನಾಲ್ಕಾರು, ಅದರಲ್ಲಿ ಹುಡುಗರು ಇದ್ದದ್ದು ಎರಡರಲ್ಲಿ, ಅವರಲ್ಲಿ ಒಬ್ಬ ಇನ್ನೂ ತೊಟ್ಟಿಲಲ್ಲಿದ್ದ ಎಂಬುದು ಬೇರೆ ಮಾತು. ನನಗಾಗ ಹದಿನೈದು. ಈಗ ಹದಿನೇಳು. ಅಂದರೆ ಇದನ್ನೆಲ್ಲ ದೊಡ್ಡವರು ನೆನಪು ಮಾಡಿಕೊಳ್ಳುವ ಹಾಗೆ, ಸಾಕಷ್ಟು ದೂರದಿಂದ ನೆನಪು ಮಾಡಿಕೊಂಡು ಬರೆಯುತ್ತಿದ್ದೇನೆ.

ಬೆಳಗಾವಿಯ ರವಿವಾರ ಪೇಟೆಯಲ್ಲಿ ಅಪ್ಪನಿಗೆ ಕಾಳುಕಡಿಯ ಅಂಗಡಿ. ನಮ್ಮ ಕಾರು ಅಪ್ಪನ ಕೈಗೆ ಬರುವ ಮೊದಲು ಇಬ್ಬರ ಕೈ ದಾಟಿ ಬಂದಿತ್ತು. ಬಾಗಿಲು ನಾಲ್ಕು, ತೆರೆಯುತ್ತಿದ್ದದ್ದು ಮೂರು. ಹಿಂದಿನ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಅಂಗೈ ಅಗಲದ ಒಂದು ತೂತಿತ್ತು. ಆ ತೂತಿನಿಂದ ಕೆಳಗೆ ನೋಡುತ್ತ ಕೂತರೆ ಯಾವ ಊರು ಬಂತೆಂದು ನಾನು ಕಣ್ಣೆತ್ತದೆ ಹೇಳುತ್ತಿದ್ದೆ. ಕರಿ ಮಣ್ಣು ಕಂಡರೆ ಬೈಲಹೊಂಗಲದ ದಾರಿ, ಕೆಂಪು ಮಣ್ಣು ಕಂಡರೆ ಖಾನಾಪುರದ ದಾರಿ, ಶೆಗಣಿ ಕಂಡರೆ ನಮ್ಮ ಓಣಿ.

ಪ್ರತಿ ರವಿವಾರ ಬೆಳಿಗ್ಗೆ ಈ ಕಾರಿನ ಸೇವೆ ನನ್ನದು. ರೇಡಿಯೇಟರಿಗೆ ನೀರು ಹಾಕುವುದು, ಬ್ಯಾಟರಿಯ ಆರು ಮುಚ್ಚಳ ತೆಗೆದು ಬಗ್ಗಿ ನೋಡುವುದು, ಫ್ಯಾನಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ಸಡಿಲಾಗಿದೆಯೋ ಇಲ್ಲವೋ ಎಂದು ತಲೆದೂಗುವುದು. ಇಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯಂತೂ ನನ್ನ ಪ್ರಾಣ. ಅದನ್ನು ಎಳೆದು, ಒರೆಸಿ, ಮತ್ತೆ ಅದ್ದಿ, ಬಿಸಿಲಿಗೆ ಹಿಡಿದು, ಡಾಕ್ಟರು ಜ್ವರ ನೋಡುವ ಹಾಗೆ ಹುಬ್ಬು ಗಂಟಿಕ್ಕಿ ನೋಡುತ್ತಿದ್ದೆ. ಎರಡು ಗೆರೆಗಳ ನಡುವೆ ಎಣ್ಣೆ ಇದ್ದರೆ ಸರಿ. ಇದಕ್ಕೆ ಎರಡು ಕ್ಷಣ ಸಾಕು. ಆದರೆ ಎದುರುಮನೆಯ ಕಟ್ಟೆಯ ಮೇಲೆ ಹುಡುಗರು ಕೂತಿರುತ್ತಿದ್ದರು, ಹಾಗಾಗಿ ನನಗೆ ಹತ್ತು ನಿಮಿಷ ಬೇಕಾಗುತ್ತಿತ್ತು.

ಅಪ್ಪನದು ಬೇರೆ ಪದ್ಧತಿ. ಅಪ್ಪ ಟೈರನ್ನು ಅಂಗಡಿಯಲ್ಲಿ ಜೋಳದ ಚೀಲ ಬಡಿದು ನೋಡಿದ ಹಾಗೆ ಬಡಿದು ನೋಡುತ್ತಿದ್ದ. ಸಪ್ಪಳ ಗಟ್ಟಿಯಾಗಿ ಬಂದರೆ ಗಾಳಿ ಇದೆ, ಮೆತ್ತಗೆ ಬಂದರೆ ಇಲ್ಲ. ಅಷ್ಟೇ ಅವನ ವಿದ್ಯೆ. ನಾನು ಮಾತ್ರ ರೈಲ್ವೆ ಗೇಟಿನ ಹತ್ತಿರ ಪಂಕ್ಚರ್ ತೆಗೆಯುವ ಮಾಮಾನ ಮುಂದೆ ಎರಡು ಬೇಸಿಗೆ ರಜೆ ಕುಕ್ಕರುಗಾಲಲ್ಲಿ ಕೂತು ಕಲಿತವನು. ಜ್ಯಾಕು ಏರಿಸುವ ಮೊದಲೇ ನಟ್ಟು ಸಡಿಲಿಸಬೇಕು, ಬಿಗಿಯುವಾಗ ಸಾಲಾಗಿ ಬಿಗಿಯದೆ ಎದುರುಬದುರು ಬಿಗಿಯಬೇಕು, ಇಂಥವೆಲ್ಲ ನನಗೆ ಪಾಠದ ಪದ್ಯಕ್ಕಿಂತ ಚೆನ್ನಾಗಿ ಬಾಯಿಪಾಠ ಆಗಿದ್ದವು. ಅವ್ವ ಮೂರು ರೊಟ್ಟಿ ಬಡಿಯುವುದರಲ್ಲಿ ಗಾಲಿ ಬಿಚ್ಚಿ ಹಾಕುತ್ತೇನೆ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಅವ್ವನನ್ನು ಕೇಳಿದರೆ ಒಂಬತ್ತು ರೊಟ್ಟಿ ಎನ್ನುತ್ತಾಳೆ. ಹೆಣ್ಣುಮಕ್ಕಳಿಗೆ ಗಾಲಿಯ ಲೆಕ್ಕ ತಿಳಿಯುವುದಿಲ್ಲ.

ಇನ್ನು ಖಂಡೇನವಮಿ. ಆ ದಿನ ನಮ್ಮ ಕಡೆ ಯಾವ ಮನೆಯಲ್ಲೂ ಯಾವ ಹತಾರವೂ ಕೆಲಸ ಮಾಡುವುದಿಲ್ಲ. ರೈತನ ಕುಡಗೋಲು, ಬಡಿಗನ ಬಾಚಿ, ಶಿಂಪಿಗನ ಕತ್ತರಿ, ಅಂಗಡಿಯ ತಕ್ಕಡಿ, ಎಲ್ಲ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹೂ ಮುಡಿದು ದೇವರ ಮುಂದೆ ಪೂಜೆಗೆ ಕೂರುತ್ತವೆ. ಕೂತವು ಮರುದಿನ ದಸರೆಯ ದಿನ ಬನ್ನಿ ಮುಡಿದ ಮೇಲೆಯೇ ಏಳುವುದು. ಅಲ್ಲಿಯವರೆಗೆ ಅವನ್ನು ಮುಟ್ಟಿದರೆ ಮನೆಯ ಹಿರಿಯರು ನಮ್ಮನ್ನು ಮುಟ್ಟುತ್ತಾರೆ. ಗಾಡಿಗಳಿಗೆ ಮಾತ್ರ ಮಾಫಿ ಇದೆ. ಅವಕ್ಕೆ ನಿಂತಲ್ಲೇ ಪೂಜೆ ಮಾಡಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಿದರೆ, ಆಮೇಲೆ ಎಲ್ಲಿಗಾದರೂ ಓಡಿಸಬಹುದು. ಪುಸ್ತಕವೂ ನಮ್ಮ ಹತಾರವೇ ಎಂದು ನಾನು ಪ್ರತಿ ವರ್ಷ ಎಲ್ಲಕ್ಕಿಂತ ಮೊದಲು ಗಣಿತದ ಪುಸ್ತಕವನ್ನು ಪೂಜೆಗೆ ಕೂರಿಸುತ್ತಿದ್ದೆ. ಅದನ್ನು ಏಳಿಸಲು ಮಾತ್ರ ನೆನಪಾಗುತ್ತಿರಲಿಲ್ಲ.

ಆ ವರ್ಷ ನನ್ನೊಳಗೆ ಒಂದು ಹೊಟ್ಟೆಕಿಚ್ಚು ಇತ್ತು. ಹಿಂದಿನ ವರ್ಷ ಬಾಜು ಓಣಿಯ ಹಿಟ್ಟಿನ ಗಿರಣಿಯವರ ಹುಡುಗ ಇಪ್ಪತ್ತೊಂದು ಹತಾರ ಜೋಡಿಸಿ ಪೂಜೆ ಮಾಡಿದ್ದ. ಓಣಿಯ ಹೆಂಗಸರೆಲ್ಲ ಹೋಗಿ ನೋಡಿ ಬಂದಿದ್ದರು. ನಮ್ಮ ಮನೆಯಲ್ಲಿ ಇದ್ದದ್ದು ಅಡಕತ್ತರಿ ಸೇರಿಸಿದರೂ ಹದಿಮೂರು. ಹಾಗಾಗಿ ನಾನು ಕಾರಿನ ಡಿಕ್ಕಿಗೆ ಕೈ ಹಾಕಿದೆ. ನಟ್ಟು ಬಿಚ್ಚುವ ಪಾನಾಗಳು, ಜ್ಯಾಕು, ಅದರ ಹ್ಯಾಂಡಲ್ಲು, ಗಾಳಿ ಹಾಕುವ ಪಂಪು, ಎಲ್ಲ ಹೊರಗೆ ಬಂದವು. ಎಣಿಕೆ ಇಪ್ಪತ್ತೆರಡಕ್ಕೆ ಹೋಯಿತು. ಆದರೆ ನೆಲದ ಮೇಲೆ ಮಲಗಿದ್ದ ಅವು ಸಂತೆಯಲ್ಲಿ ಉಳಿದ ಬದನೆಕಾಯಿಯ ಹಾಗೆ ಕಾಣುತ್ತಿದ್ದವು. ಪೂಜೆಗೆ ಒಂದು ಎತ್ತರ ಬೇಕು, ಒಂದು ಗತ್ತು ಬೇಕು. ಡಿಕ್ಕಿಯಲ್ಲಿ ಸ್ಟೆಪ್ನಿ ಇತ್ತು. ಅಂದರೆ ದಾರಿಯಲ್ಲಿ ಗಾಲಿ ಕೈಕೊಟ್ಟರೆ ಇರಲಿ ಎಂದು ಇಟ್ಟುಕೊಂಡ ಐದನೆಯ ಗಾಲಿ.

ಅದನ್ನು ಉರುಳಿಸಿಕೊಂಡು ಒಳಗೆ ತಂದೆ. ಎರಡು ಎಣ್ಣೆ ಡಬ್ಬಿಗಳ ಮೇಲೆ ಅಡ್ಡ ಮಲಗಿಸಿದೆ. ನಡುವಿನ ತೂತಿನಲ್ಲಿ ಕಳಸ ಇಟ್ಟರೆ ಅದಕ್ಕೆಂದೇ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಟೈರಿನ ಸುತ್ತ ಮೂರು ಬೆರಳ ವಿಭೂತಿ, ಗೆರೆಗಳ ಸಂದಿಯಲ್ಲಿ ಚೆಂಡುಹೂವು. ಅವ್ವ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಗಾಲಿ ಯಾಕ ತಂದ್ಯೋ ದೇವರ ಮನಿಗೆ?"

"ಗಾಲಿ ಅಲ್ಲವ್ವಾ, ಚಕ್ರ. ದೇವರ ಕೈಯಾಗ ಇರತೈತಲ್ಲ, ಅದ."

"ನಮ್ಮ ದೇವರ ಕೈಯಾಗ ಇಲ್ಲ ಅದು," ಎಂದಳು ಅವ್ವ. ಆದರೂ ಕಳಸದ ಎಲೆ ಸರಿಮಾಡಿ ಹೋದಳು. ಸ್ವಲ್ಪ ಹೊತ್ತಿಗೆ ಓಣಿಯ ಹೆಂಗಸರು ಬರತೊಡಗಿದರು. ಗಿರಣಿಯ ಹುಡುಗನೂ ಬಂದು ನೋಡಿ, ಎರಡೆರಡು ಸಲ ಎಣಿಸಿ ಹೋದ. ನನಗೆ ಅದೇ ಪ್ರಸಾದ. ಅಪ್ಪ ಗಡಿಬಿಡಿಯಲ್ಲಿ ಅಂಗಡಿಯಿಂದ ಬಂದು, ಕಣ್ಣು ಮುಚ್ಚಿಕೊಂಡು ಆರತಿ ಎತ್ತಿ, ಕಣ್ಣು ಮುಚ್ಚಿಕೊಂಡೇ ನಮಸ್ಕಾರ ಮಾಡಿ ಹೋದ.

ಈಗ ಆಯಿಯ ಮಾತು ಹೇಳಬೇಕು. ನಮ್ಮ ಬಾಜು ಮನೆ ಜೈನರದು, ಆ ಮನೆಯ ಅಜ್ಜಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಎಪ್ಪತ್ತು ದಾಟಿದ ಸಣ್ಣ ಜೀವ, ನಾಲಿಗೆ ಮಾತ್ರ ಇಪ್ಪತ್ತರದು. ಖಾನಾಪುರಕ್ಕೆ ಕೊಟ್ಟಿದ್ದ ಅವರ ಮಗಳು ಕಾಮಾಲೆಯಾಗಿ ಮಳೆಗಾಲ ಪೂರ್ತಿ ಹಾಸಿಗೆ ಹಿಡಿದಿದ್ದಳು. ಮಗಳು ಎದ್ದು ಒಲೆ ಮುಂದೆ ನಿಂತ ಮೇಲೆ ಒಂದು ಅಷ್ಟಮಿ ಪೂರ್ತಿ ಉಪವಾಸ ಮಾಡಿ, ಮರುದಿನ ಮಗಳ ಮನೆಯಲ್ಲೇ, ಮಗಳ ಕೈಯಿಂದ ಬಡಿಸಿಕೊಂಡೇ ಉಪವಾಸ ಬಿಡುತ್ತೇನೆ ಎಂದು ಆಯಿ ನೇಮ ಹಿಡಿದಿದ್ದರು. ಖಂಡೇನವಮಿಯ ಹಿಂದಿನ ದಿನ ಅಷ್ಟಮಿ. ಆಯಿ ಒಂದು ಅಗುಳೂ ಮುಟ್ಟಿರಲಿಲ್ಲ, ಕಾಯಿಸಿ ಆರಿಸಿದ ನೀರಷ್ಟೇ. ನವಮಿಯ ಬೆಳಿಗ್ಗೆ ಮಗನ ಜೊತೆ ಬಸ್ಸಿಗೆ ಹೋಗುವವರಿದ್ದರು. ಅಪ್ಪ ತಡೆದ.

"ಬಸ್ಸಿನ್ಯಾಗ ಯಾಕ ಒದ್ದಾಡ್ತೀರಿ ಆಯಿ? ನಮ್ಮ ಗಾಡಿ ಐತಲ್ಲರಿ. ಪೂಜಿ ಆದಕೂಡ್ಲೆ ಹತ್ತಕ್ಕ ಹೊಂಡೂಣು."

ಹತ್ತು ಎಂದದ್ದು ನಾಲ್ಕಾಯಿತು. ಅದಕ್ಕೆ ಅರ್ಧ ಕಾರಣ ಅಪ್ಪನ ಅಂಗಡಿಯ ಪೂಜೆ, ಅರ್ಧ ಕಾರಣ ನಾನು. ಒಳಗಿನ ಪೂಜೆ ಮುಗಿಸಿ ಕಾರಿನ ಶೃಂಗಾರಕ್ಕೆ ಹೋದವನು ಬಾಳೆಗಿಡ ಕಟ್ಟುವುದರಲ್ಲೇ ಮಧ್ಯಾಹ್ನ ಮಾಡಿದೆ. ಮೂರು ಸಲ ಕಟ್ಟಿ ಮೂರು ಸಲ ಬಿಚ್ಚಿದೆ, ಯಾಕೆಂದರೆ ಎಡಗಡೆಯದು ಬಲಗಡೆಯದಕ್ಕಿಂತ ಎರಡು ಬೆರಳು ಗಿಡ್ಡವಿತ್ತು. ಆಯಿ ತಮ್ಮ ಕಟ್ಟೆಯ ಮೇಲೆ ಬಟ್ಟೆಯ ಗಂಟು, ನೀರಿನ ತಂಬಿಗೆ ಇಟ್ಟುಕೊಂಡು ಕೂತಿದ್ದರು. ನಾನು ಎದುರು ಹಾಯ್ದಾಗಲೆಲ್ಲ ಒಂದೇ ಪ್ರಶ್ನೆ.

"ಆತೇನೋ ತಮ್ಮಾ, ನಿನ್ನ ಮದಲಗಿತ್ತಿ ಶೃಂಗಾರ?"

ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಸೂರ್ಯ ಇಳಿಯುವುದರೊಳಗೆ ಖಾನಾಪುರ ಮುಟ್ಟದಿದ್ದರೆ ಆಯಿಗೆ ಇನ್ನೊಂದು ರಾತ್ರಿ ಖಾಲಿ ಹೊಟ್ಟೆ. ಅಮ್ಮ ಉಣ್ಣದೆ ಮಗಳೂ ಉಣ್ಣುವುದಿಲ್ಲ, ಅವಳು ಕಾಯಿಲೆಯಿಂದ ಎದ್ದು ಹದಿನೈದು ದಿನವೂ ಆಗಿರಲಿಲ್ಲ. ಇದು ನಮಗೆಲ್ಲ ಗೊತ್ತಿತ್ತು. ಆದರೆ ಖಾನಾಪುರ ಎಷ್ಟು ದೂರ, ಮುಕ್ಕಾಲು ತಾಸಿನ ದಾರಿ ಎಂದು ಅಪ್ಪ ಹೋಳಿಗೆ ಊಟವನ್ನೂ ಮುಗಿಸಿಯೇ ಎದ್ದ. ಅಪ್ಪ, ನಾನು, ಹಿಂದಿನ ಸೀಟಿನಲ್ಲಿ ಆಯಿ, ಹೀಗೆ ಮೂವರು ಹೊರಟೆವು.

ದೇಸೂರಿನ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ಬರುತ್ತಿದ್ದದ್ದು ಸಣ್ಣ ಗೇಜಿನ ಉಗಿಬಂಡಿ, ಅದೂ ಗೂಡ್ಸು. ಅದರ ಡಬ್ಬಿಗಳನ್ನು ಎಣಿಸಿ, ಹಿಂದಿನಿಂದ ಮುಂದಕ್ಕೆ ಇನ್ನೊಮ್ಮೆ ಎಣಿಸುವಷ್ಟು ಪುರುಸೊತ್ತಾಗಿ ಅದು ಹೋಯಿತು. ಆಯಿ ಕಿಟಕಿಯಿಂದ ಸೂರ್ಯನನ್ನೊಮ್ಮೆ, ಗೇಟನ್ನೊಮ್ಮೆ ನೋಡಿದರು. ನಾನು ಅಪ್ಪನಿಗೆ ಪೂಜೆಯ ವೈಭವ ವರ್ಣಿಸುತ್ತಿದ್ದೆ, ಸ್ಟೆಪ್ನಿಯ ಮಾತೊಂದು ಬಿಟ್ಟು.

ಇದಲಹೊಂಡ ದಾಟಿ ಸ್ವಲ್ಪ ದೂರ ಹೋದ ಮೇಲೆ ಕಾರು ಎಡಕ್ಕೆ ಎಳೆಯತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ಹಟ ಹಿಡಿದ ಕರುವಿನ ಹಾಗೆ. ಅಪ್ಪ ಬದಿಗೆ ನಿಲ್ಲಿಸಿ ಇಳಿದು, ಹಿಂದಿನ ಎಡಗಾಲಿಯನ್ನು ಬಡಿದ. ಜೋಳದ ಚೀಲದ ಸಪ್ಪಳ ಬರಲಿಲ್ಲ, ಹಾಸಿಗೆ ಬಡಿದ ಸಪ್ಪಳ ಬಂತು.

"ಕುಂತ ಬಿಟ್ಟೈತಿ," ಎಂದ ಅಪ್ಪ. ಗಾಬರಿಯೇನಿಲ್ಲ. ಆಯಿಯ ಕಡೆ ತಿರುಗಿ ಹೆಮ್ಮೆಯಿಂದಲೇ ಹೇಳಿದ, "ಚಿಂತಿ ಮಾಡಬ್ಯಾಡ್ರಿ ಆಯಿ, ನಮ್ಮ ಹುಡುಗ ಮೂರು ರೊಟ್ಟಿ ಬಡಿಯೂದರಾಗ ಬದಲಿ ಮಾಡ್ತಾನ. ಏ, ಇಳಿಯೋ. ಡಿಕ್ಕಿ ತಗಿ."

ನನ್ನನ್ನು ಅಪ್ಪ ಹೊರಗಿನವರ ಎದುರು ಹೊಗಳಿದ್ದು ಅದೇ ಮೊದಲು. ಅದೇ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ನಮ್ಮ ದೇವರ ಮನೆ, ಎರಡು ಎಣ್ಣೆ ಡಬ್ಬಿ, ವಿಭೂತಿ ಹಚ್ಚಿಕೊಂಡು ನಿಶ್ಚಿಂತೆಯಿಂದ ಮಲಗಿದ್ದ ಸ್ಟೆಪ್ನಿ ಬಂದು ನಿಂತವು. ನಾನು ಇಳಿದವನು ಡಿಕ್ಕಿಯ ಕಡೆ ಹೋಗದೆ ಮುಂದೆ ಹೋದೆ.

"ಅಪ್ಪಾ, ಮೊದಲ ರೇಡಿಯೇಟರ್ ನೀರು ನೋಡೂಣೇನು?"

"ಗಾಲಿ ಕುಂತರ ರೇಡಿಯೇಟರ್ ಏನ್ ಮಾಡ್ತೈತೋ?"

"ಇಂಜಿನ್ ಸ್ವಲ್ಪ ಆರಲಿ. ಬಿಸಿ ಇದ್ದಾಗ ಗಾಲಿ ಬಿಚ್ಚಬಾರದಂತ."

"ಯಾರು ಹೇಳಿದ್ರು?"

"ಪಂಕ್ಚರ್ ಮಾಮಾ."

ಸತ್ಯ ಹೇಳುತ್ತೇನೆ, ಪಂಕ್ಚರ್ ಮಾಮಾ ಹಾಗೆ ಹೇಳಿರಲಿಲ್ಲ. ಅಪ್ಪ ತಾನೇ ಹೋಗಿ ಡಿಕ್ಕಿ ತೆರೆದ. ಒಳಗೆ ಎರಡು ನಿಂಬೆಹಣ್ಣು, ಒಂದು ಕರ್ಪೂರದ ಪೊಟ್ಟಣ. ನಮ್ಮ ಡಿಕ್ಕಿ ಅಷ್ಟು ದೊಡ್ಡದಿದೆ ಎಂದು ನನಗೂ ಅಂದೇ ಗೊತ್ತಾದದ್ದು. ಒಂದು ಸಣ್ಣ ಸಂಸಾರ ಇರಬಹುದಿತ್ತು.

"ಸ್ಟೆಪ್ನಿ ಎಲ್ಲಿ?"

"ಮನ್ಯಾಗ."

"ಮನ್ಯಾಗ ಏನ್ ಮಾಡಾಕತ್ತೈತಿ?"

"ಪೂಜಿಗೆ ಕುಂತೈತಿ."

"ಜ್ಯಾಕು?"

"ಅದರ ಬಾಜೂಕ ಕುಂತೈತಿ."

"ಪಾನಾ?"

"ಎಲ್ಲಾ ಕೂಡೇ ಕುಂತಾವಪ್ಪಾ. ಪಂಪೂ ಸೈತ."

ಅಪ್ಪ ಡಿಕ್ಕಿಯನ್ನೇ ನೋಡುತ್ತ ನಿಂತ. ಬಯ್ಯಲು ಮಾತು ಹುಡುಕುತ್ತಿದ್ದಾನೆ ಎಂದು ತಿಳಿದು, ಸಿಗುವ ಮೊದಲೇ ನಾನು ಹೇಳಿದೆ, "ಮುಂಜಾನೆ ನೀನ ಆರತಿ ಎತ್ತಿದಿಯಲ್ಲ. ಕಳಸದ ಕೆಳಗ ಕರ್ರಗ ದುಂಡಗ ಇತ್ತಲ್ಲ, ಅದ ಸ್ಟೆಪ್ನಿ."

"ನಾ ಕಟ್ಟಿಗಿ ಮಣಿ ಅಂತ ತಿಳಕೊಂಡಿದ್ನಿ."

"ನಮಸ್ಕಾರಾನೂ ಮಾಡಿದಿ."

ಹಿಂದಿನ ಸೀಟಿನಿಂದ ಖೊಕ್ ಖೊಕ್ ಎಂದು ಸಪ್ಪಳ ಬಂತು. ಎರಡು ದಿನ ಉಣ್ಣದ ಆಯಿ ನಗುತ್ತಿದ್ದರು. "ಬಯ್ಯಬ್ಯಾಡ ಬಿಡಪಾ," ಎಂದರು ಅಪ್ಪನಿಗೆ. "ಗಾಲಿಗೆ ನಮಸ್ಕಾರ ಮಾಡಿ ಗಾಲಿ ಕುಂದರಿಸಿದ ಮಗನ್ನ ಬಯ್ಯೂದು ಛಂದ ಕಾಣಂಗಿಲ್ಲ."

ಅಷ್ಟರಲ್ಲಿ ಖಾನಾಪುರದ ಕಡೆಯಿಂದ ಒಂದು ಲಾರಿ ಬಂತು, ಮೈತುಂಬ ಹೂಮಾಲೆ. ಅಪ್ಪ ಕೈ ಅಡ್ಡ ಹಾಕಿದ. ಡ್ರೈವರು ಕುತ್ತಿಗೆ ಹೊರಗೆ ಹಾಕಿ ಎಲ್ಲ ಕೇಳಿದ.

"ಪಾನಾ, ಜ್ಯಾಕು ಎಲ್ಲಾ ಮಾಲಕರ ಮನ್ಯಾಗ ಪೂಜಿಗೆ ಕುಂತಾವ್ರಿ. ನಾವೂ ದೇವರ ಮ್ಯಾಲ ಭಾರ ಹಾಕಿ ಹೊಂಟೇವಿ. ನಿಮ್ಮಾವು ಎಲ್ಲಿ ಅದಾವು?"

"ನಮ್ಮಾವೂ ಕುಂತಾವು," ಎಂದ ಅಪ್ಪ.

"ಹಂಗಾರ ಛಲೋ ಆತು. ನೇಮಸ್ತರು ನೀವು," ಎಂದು ಹೇಳಿ ಲಾರಿ ಹೋಯಿತು. ಬಸ್ಸು ಇನ್ನೊಂದು ತಾಸಿಗೆ. ಖಾನಾಪುರ ಇನ್ನೂ ನಾಲ್ಕು ಮೈಲಿ. ಉಪವಾಸದ ಮುದುಕಿಯನ್ನು ನಡೆಸುವ ಹಾಗಿಲ್ಲ. ಸೂರ್ಯ ಬಲಗಡೆ ಗುಡ್ಡದ ಮೇಲೆ ನಾಲ್ಕು ಮಾರಿನಷ್ಟು ಎತ್ತರದಲ್ಲಿದ್ದ, ಅವನೂ ಇಳಿಯುವ ಗಡಿಬಿಡಿಯಲ್ಲೇ ಇದ್ದ ಹಾಗಿತ್ತು.

ರಸ್ತೆಯ ಪಕ್ಕದಲ್ಲಿ ಒಂದು ರೈತರ ಮನೆ. ಅಂಗಳದಲ್ಲಿ ತೊಳೆದ ಎತ್ತುಗಳು, ಗೋಡೆಗೆ ಹೊಸ ಕೆಮ್ಮಣ್ಣು. ಮನೆಯ ಯಜಮಾನ ಹೊರಗೆ ಬಂದು, "ಯಾ ಪಾವ್ಹಣೆ, ಬಸಾ," ಎಂದು ಮರಾಠಿಯಲ್ಲಿ ಕೂರಲು ಹೇಳಿ, ನಮ್ಮ ಮುಖ ನೋಡಿ ಕನ್ನಡಕ್ಕೆ ತಿರುಗಿದ. ಅಪ್ಪ ಸಂಗತಿ ಹೇಳಿದ. ಯಜಮಾನ ಒಳಗೆ ಕರೆದು ತನ್ನ ಪಡಸಾಲೆ ತೋರಿಸಿದ. ನೇಗಿಲು, ಕೊಡಲಿ, ಹಾರಿ, ನೀರೆತ್ತುವ ಇಂಜಿನ್ನಿನ ಪಾನಾಗಳು, ಟ್ರ್ಯಾಕ್ಟರಿನ ಜ್ಯಾಕು, ಟ್ಯೂಬಿಗೆ ತೇಪೆ ಹಚ್ಚುವ ಡಬ್ಬಿ. ಗಾಲಿ ಬಿಚ್ಚಿ ರಿಪೇರಿ ಮಾಡಲು ಏನೇನು ಬೇಕೋ ಅಷ್ಟೂ ಅಲ್ಲಿತ್ತು, ಅಷ್ಟಕ್ಕೂ ಕುಂಕುಮ ಹಚ್ಚಿತ್ತು.

"ಎಲ್ಲಾ ಅದಾವ್ರಿ ಸಾವಕಾರ್ರ," ಎಂದ ಅವನು ಬಹಳ ಸಂಕಟದಿಂದ, "ಆದರ ಇವತ್ತು ಹ್ಯಾಂಗ ಎತ್ತೂದು? ಎತ್ತಿನ ಗಾಡಿ ಹೂಡ್ಲೇನು?"

ಅಷ್ಟರಲ್ಲಿ ಆಯಿ ಕಾರಿನಿಂದ ಇಳಿದು ಅಂಗಳಕ್ಕೆ ಬಂದಿದ್ದರು. "ಬ್ಯಾಡಪಾ. ಎತ್ತಿನ ಹೆಗಲಮ್ಯಾಲ ನಾ ಕುಂದರಂಗಿಲ್ಲ. ಅದೂ ನನ್ನ ನೇಮ."

ಯಜಮಾನನ ತಾಯಿ ಹೊರಗೆ ಬಂದಳು. ಆಯಿಗಿಂತ ಎರಡು ಪಟ್ಟು ದೊಡ್ಡ ಗಾತ್ರ, ಮೂರು ಪಟ್ಟು ದೊಡ್ಡ ದನಿ. ವಿಷಯ ಕೇಳಿದವಳೇ ಮಗನಿಗೆ ಅಪ್ಪಣೆ ಮಾಡಿದಳು.

"ಹಸದ ಮುದುಕಿ ಮುಂದ ಪಾನಾ ಪೂಜಿ ಮಾಡ್ತಿಯೇನು? ಎತ್ತು ಎಲ್ಲಾ. ದೇವರಿಗೆ ನಾ ಹೇಳ್ತೀನಿ."

"ಬ್ಯಾಡರೆವ್ವಾ," ಎಂದರು ಆಯಿ. "ನನ್ನ ನೇಮ ಉಳಸಾಕ ನಿಮ್ಮ ನೇಮ ಮುರದ್ರ, ಉಂಡದ್ದು ನನ್ನ ಮೈಗೆ ಹತ್ತಂಗಿಲ್ಲ."

"ನಮ್ಮ ದೇವರು ಸಿಟ್ಟಾಗಂಗಿಲ್ಲರಿ. ನಮಗ ಗೊತ್ತೈತಿ."

"ದೇವರು ಆ ಮಾತು ನಿಮಗ ಹೇಳ್ಯಾನು. ನನಗ ಹೇಳಿಲ್ಲ."

"ಹಂಗಾರ ಇಲ್ಲೇ ಉಣ್ಣರಿ. ಬಿಸಿ ಅನ್ನ ಐತಿ."

"ಮಗಳ ಮನ್ಯಾಗ, ಮಗಳ ಕೈಲೆ ಅಂದೇನಿ."

ಇಬ್ಬರೂ ದನಿ ಏರಿಸಲಿಲ್ಲ. ಒಬ್ಬರ ಕೈ ಒಬ್ಬರು ಹಿಡಿದುಕೊಂಡೇ ಜಗಳ ಮಾಡಿದರು. ಒಬ್ಬಳು ತನ್ನ ನೇಮ ಮುರಿದೇ ತೀರುತ್ತೇನೆ ಎನ್ನುತ್ತಾಳೆ, ಇನ್ನೊಬ್ಬರು ಮುರಿಯಗೊಡುವುದಿಲ್ಲ ಎನ್ನುತ್ತಾರೆ. ಅಪ್ಪ, ಯಜಮಾನ ಇಬ್ಬರೂ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಸೂರ್ಯ ಎರಡು ಮಾರಿಗೆ ಬಂದ. ನಾನು ಆಗ ಮೊದಲ ಸಲ ಆಯಿಯ ಮುಖವನ್ನು ಸರಿಯಾಗಿ ನೋಡಿದೆ. ಆಯಿಯ ತುಟಿ ಒಣಗಿ ಬೆಳ್ಳಗಾಗಿತ್ತು. ಬಾಳೆಗಿಡ ಎರಡು ಬೆರಳು ಗಿಡ್ಡ ಇದ್ದಿದ್ದರೆ ಯಾರ ಗಂಟೇನು ಹೋಗುತ್ತಿತ್ತು?

ನಾನು ಹೋಗಿ ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಕೈಯಿಂದ ಸವರುತ್ತ ಹೋದರೆ ಒಂದು ಕಡೆ ತಣ್ಣಗೆ ಏನೋ ತಾಗಿತು. ಎತ್ತಿನ ಲಾಳದ ಮೊಳೆ, ತಲೆಯವರೆಗೂ ಹೊಕ್ಕಿತ್ತು. ಹಿಂದಿನಿಂದ ಬಂದ ಯಜಮಾನ ಅದನ್ನು ನೋಡಿ, "ಇದ ನೋಡ್ರಿ ಕಳ್ಳ," ಎಂದು ಕೀಳಲು ಕೈ ಹಾಕಿದ.

"ಮುಟ್ಟಬ್ಯಾಡ್ರಿ," ಎಂದು ನಾನು ಅವನ ಕೈ ಹಿಡಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಮೊಳಿ ಒಳಗ ಇರೂತನಾ ಅದ ಬೂಚು. ಕಿತ್ತರ ತೂತು. ಗಾಳಿ ಸಾವಕಾಶ ಹೋಗೇತಿ, ಒಮ್ಮಿಗೆ ಹೋಗಿಲ್ಲ. ಪಂಪ್ ಇದ್ರ ಗಾಳಿ ಹಾಕೂದು, ಓಡಸೂದು, ಕುಂತ ಕೂಡ್ಲೆ ಮತ್ತ ಹಾಕೂದು. ನಾಲ್ಕು ಮೈಲಿ ಹೋಗಬಹುದು. ಒಂದೂ ನಟ್ಟು ಬಿಚ್ಚೂದು ಬ್ಯಾಡ."

ಇದು ಖರೇನೇ ಪಂಕ್ಚರ್ ಮಾಮಾ ಹೇಳಿದ ಮಾತು. ಅಪ್ಪ ನನ್ನ ಮುಖ ನೋಡಿದ, ಇದೂ ರೇಡಿಯೇಟರ್ ನೀರಿನ ಜಾತಿಯದೋ ಏನೋ ಎಂಬ ಅನುಮಾನದಲ್ಲಿ. ಆಮೇಲೆ ಯಜಮಾನನ ಕಡೆ ತಿರುಗಿದ. "ಪಂಪ್ ಐತೇನ್ರಿ? ಪೂಜಿಗೆ ಕೂಡದ್ದು?"

ಯಜಮಾನನ ತಾಯಿ ಗಟ್ಟಿಯಾಗಿ ನಕ್ಕಳು. ಅವಳ ಮೊಮ್ಮಗನ ಮೋಟರ್ ಸೈಕಲ್ಲಿನ ಪಂಪು ಇತ್ತು. ಮೊಮ್ಮಗ ಗಾಡಿ ತೆಗೆದುಕೊಂಡು ಬೀಡಿ ಎಂಬ ಊರಿಗೆ, ಹೆಂಡತಿಯ ಮನೆಗೆ ಹೋಗಿದ್ದ. ಪಂಪನ್ನು ಮಾತ್ರ ಪೂಜೆಗೆ ಇಟ್ಟು ಹೋಗಿದ್ದ, ಅದು ಕೂತಲ್ಲೇ ಎಣ್ಣೆ ಸುರಿಸಿತಂತೆ. "ನನ್ನ ರಂಗೋಲಿ ಮ್ಯಾಲ ಎಣ್ಣಿ ಸೋರಸಾಕ ಹತ್ತಿತ್ತು. ಪೂಜಿಗೆ ಲಾಯಕ್ಕಿಲ್ಲ ಅಂತ ಮುಂಜಾನೇನ ದನದ ಕೊಟ್ಟಿಗ್ಯಾಗ ಒಗದೇನಿ."

ಹೀಗೆ ಆ ಸೀಮೆಯಲ್ಲೇ ಪೂಜೆಗೆ ಅಯೋಗ್ಯವಾದ ಏಕೈಕ ಹತಾರ ನಮ್ಮ ಪಾಲಿಗೆ ಬಂತು. ತಂದು ಜೋಡಿಸಿದರೆ ಅದರ ಬಾಯಿ ನಮ್ಮ ಟೈರಿನ ವಾಲ್ವಿಗೆ ಸರಿಯಾಗಿ ಕೂತಿತು. ಆಯಿ ಒಮ್ಮೆ ಬಗ್ಗಿ, ಪಂಪಿನ ಮೇಲೆ ಕುಂಕುಮ ಇಲ್ಲ ಎಂಬುದನ್ನು ಕಣ್ಣಾರೆ ನೋಡಿ, "ಹೂಂ, ಊದು," ಎಂದರು.

ನಾನು ಊದಿದೆ. ಮೊದಲ ಐವತ್ತು ಒತ್ತು ಶೂರನ ಹಾಗೆ, ಮುಂದಿನ ಐವತ್ತು ಮನುಷ್ಯನ ಹಾಗೆ, ಆಮೇಲೆ ನಾನು ಪಂಪನ್ನು ಒತ್ತುತ್ತಿದ್ದೇನೋ ಪಂಪು ನನ್ನನ್ನು ಒತ್ತುತ್ತಿತ್ತೋ ತಿಳಿಯಲಿಲ್ಲ. ಮುನ್ನೂರು ಒತ್ತಿದೆ. ಅಪ್ಪ ನೂರಾ ಐವತ್ತು ಎನ್ನುತ್ತಾನೆ, ಆದರೆ ಎಣಿಸಿದವನು ನಾನು. ಉಳಿದದ್ದನ್ನು ಯಜಮಾನ ಎಪ್ಪತ್ತೇ ಒತ್ತಿನಲ್ಲಿ ಮುಗಿಸಿದ. ಗಾಲಿ ಎದ್ದು ನಿಂತಿತು. ಅಪ್ಪ ಬಡಿದು ನೋಡಿದ, ಜೋಳದ ಸಪ್ಪಳ.

ಯಜಮಾನನೂ ಜೊತೆಗೆ ಬಂದ. "ಈ ಹುಡುಗನ ತೋಳು ಖಾನಾಪುರತನಾ ಬಾಳಂಗಿಲ್ಲ," ಎಂದು ಪಂಪು ಹಿಡಿದು ಖಾಲಿ ಡಿಕ್ಕಿಯಲ್ಲೇ ಹತ್ತಿ ಕೂತ, ಮುಚ್ಚಳ ತೆರೆದುಕೊಂಡು, ಕಾಲು ಹೊರಗೆ ಬಿಟ್ಟುಕೊಂಡು. ಅಲ್ಲಿಂದ ಬಗ್ಗಿದರೆ ಅವನಿಗೆ ಗಾಲಿ ಕಾಣುತ್ತಿತ್ತು, ಕತ್ತು ಹೊರಳಿಸಿದರೆ ಸೂರ್ಯ ಕಾಣುತ್ತಿದ್ದ. ಎರಡರ ವರದಿಯೂ ಅವನದೇ. ಹೊರಡುವಾಗ ಅವನ ತಾಯಿ ಕಿಟಕಿಯೊಳಗೆ ಮುಖ ಹಾಕಿ ಆಯಿಗೆ ಹೇಳಿದಳು, "ಉಂಡ ಸುದ್ದಿ ನನ್ನ ಮಗನ ಕೈಲೆ ಕಳಸರಿ. ಅಲ್ಲಿತನಾ ನಾನೂ ಉಣ್ಣಂಗಿಲ್ಲ."

"ನೀವ್ಯಾಕರೆವ್ವಾ?"

"ನಿಮಗೊಬ್ಬರಿಗೇನ ನೇಮ ಹಿಡಿಯಾಕ ಬರತೈತೇನು?"

ಕಾರು ಹೊರಟಿತು. ಡಿಕ್ಕಿಯಿಂದ ಕೂಗು ಬರುತ್ತಿತ್ತು. ಗಾಲಿ ಇಳಿಯತೊಡಗಿದಾಗ "ಬಸಲಂ, ಬಸಲಂ," ಅಂದರೆ ಕೂತಿತು, ಕೂತಿತು ಎಂದು. ಅಪ್ಪ ನಿಲ್ಲಿಸುತ್ತಿದ್ದ, ನಾನೂ ಅವನೂ ಹಾರಿ ಇಳಿದು ಸರದಿಯ ಮೇಲೆ ಒತ್ತುತ್ತಿದ್ದೆವು, ಮತ್ತೆ ಹತ್ತುತ್ತಿದ್ದೆವು. ಎರಡನೆಯ ನಿಲುಗಡೆಯಲ್ಲಿ ಅಪ್ಪನೂ ಅಂಗಿಯ ತೋಳು ಮಡಚಿ ಇಳಿದ. ನಲವತ್ತು ಒತ್ತಿಗೆ ಅಪ್ಪನ ಮುಖ ಟೊಮೆಟೊ ಆಯಿತು. "ಮಗನ, ಮುಂದಿನ ವರ್ಷ ನಿನ್ನ ಪೂಜಿಗೆ ಕುಂದರಸ್ತೀನಿ, ಕಳಸಾ ನಿನ್ನ ತಲಿಮ್ಯಾಲ," ಎಂದ. ಉಸಿರು ಸಾಲದೆ ಮುಂದಿನ ಬೈಗುಳ ಅಲ್ಲೇ ನಿಂತಿತು. ನನಗೆ ಪಂಪಿನ ಮೇಲೆ ಪ್ರೀತಿ ಬಂತು.

ಮೂರನೆಯ ಸಲ ನಿಂತಾಗ ಸೂರ್ಯ ಗುಡ್ಡದ ನೆತ್ತಿಗೆ ಒಂದು ಮೊಳ. ಆಯಿ ಕಿಟಕಿಯ ಹತ್ತಿರ ಸರಿದು ಕೂತಿದ್ದರು. "ತಮ್ಮಾ," ಎಂದರು ಮೆಲ್ಲಗೆ, "ಆಗದಿದ್ರ ಬಿಡಪಾ. ನಾಳೆ ಮುಂಜಾನೆ ಉಂಡರಾತು. ನನಗೇನು, ರೂಢಿ ಐತಿ. ಆ ಹುಡುಗಿ ದಿನಪೂರ್ತಿ ಅಡಗಿ ಮಾಡಿ ಬಾಗಲಾಗ ನಿಂತಿರತಾಳ, ಅದಷ್ಟ ನೋಡು."

ಅದಾದ ಮೇಲೆ ಎಷ್ಟು ಒತ್ತಿದೆ ಎಂದು ನಾನು ಎಣಿಸಲಿಲ್ಲ.

ಖಾನಾಪುರದ ಪೇಟೆಯೊಳಗೆ ನಾವು ಹೊಕ್ಕದ್ದನ್ನು ನೋಡಿದವರು ಈಗಲೂ ನೆನಪಿಟ್ಟಿರಬಹುದು. ಮುಂದೆ ಬಾಳೆಗಿಡ, ಹಿಂದೆ ಡಿಕ್ಕಿಯಲ್ಲಿ ಪಂಪು ಎತ್ತಿ ಹಿಡಿದು "ಬಸಲಂ" ಎಂದು ಕೂಗುವ ಟೊಪ್ಪಿಗೆಯ ಮನುಷ್ಯ, ಅವನ ಹಿಂದೆ ಓಡುವ ಹುಡುಗರು. ಮಗಳ ಮನೆ ಕಾಣುತ್ತಿತ್ತು, ಇನ್ನೂ ಅರವತ್ತು ಹೆಜ್ಜೆ. ಅಲ್ಲಿ ಗಾಲಿ ಪೂರ್ತಿ ಕೂತುಬಿಟ್ಟಿತು. ನಾನು ಪಂಪು ತೆಗೆದುಕೊಂಡೆ. ಆಯಿ ಬಾಗಿಲು ನೂಕುತ್ತಿದ್ದರು, ಅದು ತೆರೆಯದ ಬಾಗಿಲು. ನಾನು ಓಡಿ ಇನ್ನೊಂದು ಬದಿಯ ಬಾಗಿಲು ತೆರೆದು, ಕೈ ಕೊಟ್ಟು ಇಳಿಸಿದೆ. ಆಯಿ ಸೀರೆಯ ನಿರಿಗೆ ಎತ್ತಿ ಹಿಡಿದು ಹೊರಟ ವೇಗಕ್ಕೆ ನಾನು ಓಡಬೇಕಾಯಿತು.

ಮಗಳು ಬಾಗಿಲಲ್ಲೇ ಇದ್ದಳು. ತೆಳ್ಳಗಾಗಿ, ಕೈ ಎತ್ತಿದರೆ ಬಳೆಗಳೆಲ್ಲ ಮೊಳಕೈಗೆ ಜಾರುತ್ತಿದ್ದವು. ಕಾಲಿಗೆ ನೀರು ಕೊಟ್ಟಳು, ಮಣೆ ಹಾಕಿದಳು, ಬಡಿಸತೊಡಗಿದಳು. ಮೊದಲು ಹೆಸರುಕಾಳಿನ ಪಲ್ಯ, ಆಮೇಲೆ ಚಪಾತಿ, ಗೋಧಿ ಹುಗ್ಗಿ, ಅನ್ನ, ತುಪ್ಪ. ಆಯಿ ಕಣ್ಣು ಮುಚ್ಚಿ ಕೈಮುಗಿದು, ಮೊದಲ ತುತ್ತು ಎತ್ತಿದರು. ಮಗಳ ಕಣ್ಣು ತಾಯಿಯ ಕೈ ಮೇಲೆ, ನಮ್ಮೆಲ್ಲರ ಕಣ್ಣು ಒಮ್ಮೆ ತಟ್ಟೆಗೆ, ಒಮ್ಮೆ ಬಾಗಿಲಿಗೆ. ಬಾಗಿಲ ಹೊರಗೆ ಡಿಕ್ಕಿಯ ಯಜಮಾನ ಕ್ರಿಕೆಟ್ಟಿನ ಹಾಗೆ ಸೂರ್ಯನ ಕಾಮೆಂಟರಿ ಶುರು ಮಾಡಿದ್ದ.

"ಇನ್ನೂ ಐತ್ರಿ. ಗುಡ್ಡಕ್ಕ ಹತ್ತಿಲ್ಲ. ಉಣ್ಣರಿ ಆಯಿ, ಸಾವಕಾಶ ಉಣ್ಣರಿ. ಹಾಂ, ಗುಡ್ಡಕ್ಕ ಹತ್ತೀತು ನೋಡ್ರಿ. ಸಾವಕಾಶ ಅಂದ್ನಿ, ಅಷ್ಟ ಸಾವಕಾಶ ಬ್ಯಾಡರಿ. ಹುಗ್ಗಿ ಮೊದಲ ಮುಗಸರಿ."

"ಅನ್ನ ಬಿಡಬ್ಯಾಡ್ರಿ ಆಯಿ," ಎಂದ ಅಪ್ಪ ಒಳಗಿನಿಂದ.

"ಅರ್ಧಾ ಹೋತ್ರಿ," ಎಂದ ಯಜಮಾನ ಹೊರಗಿನಿಂದ.

ಆಯಿ ಕೊನೆಯ ತುತ್ತು ನುಂಗಿ, ನೀರು ಕುಡಿದು, ಬಾಯಿ ಮುಕ್ಕಳಿಸಲು ಅಂಗಳಕ್ಕೆ ಬಂದರು. ಕೈ ತೊಳೆದು, ಸೆರಗಿನಿಂದ ಬಾಯಿ ಒರೆಸಿಕೊಂಡು ಪಶ್ಚಿಮಕ್ಕೆ ನೋಡಿದರು. ಗುಡ್ಡದ ಮೇಲೆ ಸೂರ್ಯ ಇನ್ನೂ ಉಗುರಿನಷ್ಟು ಉಳಿದಿದ್ದ, ಕೆಂಪಗೆ, ಯಾವ ಅವಸರವೂ ಇಲ್ಲದೆ.

"ಇನ್ನೂ ಐತಲ್ಲೋ," ಎಂದರು ಆಯಿ. ದನಿಯಲ್ಲಿ ಕೃತಜ್ಞತೆಯ ಲವಲೇಶವೂ ಇರಲಿಲ್ಲ. "ಹೋತು ಹೋತು ಅಂತ ಗಡಬಡ ಮಾಡಿ ನನಗ ಹಪ್ಪಳಾ ತಪ್ಪಿಸಿದ್ರೆಲ್ಲ."

ಮಗಳು ಬಾಯಿಗೆ ಕೈ ಇಟ್ಟುಕೊಂಡಳು. ಹಪ್ಪಳ ಕರಿಯಲು ಮರೆತೇ ಹೋಗಿತ್ತು. ಒಳಗೆ ಓಡಿದಳು. ಎಣ್ಣೆ ಕಾಯುವ ಸಪ್ಪಳ, ಹಪ್ಪಳ ಬಿದ್ದ ಸಪ್ಪಳ, ಅವಳು ಓಡಿ ಬಂದ ಸಪ್ಪಳ. ಅವಳು ಹೊಸ್ತಿಲಿಗೆ ಬರುವುದಕ್ಕೂ ಗುಡ್ಡದ ಮೇಲಿನ ಉಗುರು ಒಳಗೆ ಹೋಗುವುದಕ್ಕೂ ಸರಿಹೋಯಿತು.

"ಗೇಲಾ," ಎಂದ ಯಜಮಾನ, ಹೋದ ಎಂದು.

ಆಯಿ ಹಪ್ಪಳ ನೋಡಿದರು, ಗುಡ್ಡ ನೋಡಿದರು, ಆಮೇಲೆ ನನ್ನನ್ನು ನೋಡಿದರು. ತಟ್ಟೆಯಿಂದ ಹಪ್ಪಳ ಎತ್ತಿ ನನ್ನ ಕೈಗೆ ಕೊಟ್ಟರು. ಊದಿ ಊದಿ ನನ್ನ ಬೆರಳುಗಳು ನೆಟ್ಟಗಾಗುತ್ತಿರಲಿಲ್ಲ, ಎರಡೂ ಅಂಗೈಗಳಿಂದ ಹಿಡಿದು ಕಚ್ಚಿದೆ. ಎಷ್ಟು ಮೆಲ್ಲಗೆ ಕಚ್ಚಬೇಕೆಂದರೂ ಅದು ಅಂಗಳಕ್ಕೆಲ್ಲ ಕೇಳುವ ಹಾಗೆ ಕರುಂ ಎಂದಿತು. ಆಯಿ ಉಗುಳು ನುಂಗಿದ್ದನ್ನು ನಾನು ನೋಡಿದೆ, ಮಗಳೂ ನೋಡಿದಳು. ಅವಳು ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಬಳೆಗಳೆಲ್ಲ ಮೊಳಕೈಗೆ ಜಾರುವ ಹಾಗೆ ನಗತೊಡಗಿದಳು.

"ನಗತೀಯೇನ, ನಗು," ಎಂದರು ಆಯಿ. "ಜೋರಾಗಿ ನಗು. ಮಳಿಗಾಲ ಪೂರ್ತಿ ನಕ್ಕಿಲ್ಲ ನೀ."

ಯಜಮಾನ ಆಗಲೇ ಪಂಪು ಹೆಗಲಿಗೇರಿಸಿದ್ದ. ಅವನ ತಾಯಿಗೆ ಸುದ್ದಿ ಮುಟ್ಟಿಸಬೇಕಿತ್ತು, ಮುದುಕಿ ಉಣ್ಣದೆ ಕಾಯುತ್ತಿದ್ದಳು.